ಹೊಲಿಗೆ ಕೆಲಸದವನ ಮಗಳು

ಚಪ್ಪಲಿ ಹರಿದವನು ಎಲ್ಲಿಗೂ ಓಡಿಹೋಗಲಾರ. ಜೇವರ್ಗಿ ಬಸ್‌ಸ್ಟ್ಯಾಂಡಿನ ಎದುರು, ರಾಜೇಸಾಬನ ಚಾದಂಗಡಿಯ ಗೋಡೆಗೆ ಹೊಂದಿ ಕೂತು ಚಪ್ಪಲಿ ಹೊಲಿಯುತ್ತಿದ್ದ ದತ್ತಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೆಬ್ಬೆರಳಿನ ಉಂಗುಟ ಕಿತ್ತ ಜೋಡನ್ನು ಅವನ ಕೈಗೆ ಕೊಟ್ಟು, ಬರಿಗಾಲನ್ನು ಇನ್ನೊಂದು ಕಾಲಿನ ಮೇಲಿಟ್ಟುಕೊಂಡು ನಿಂತ ಪ್ರಯಾಣಿಕನಿಗೆ ಅವನು ತಲೆ ಎತ್ತದೆಯೇ ಹೇಳುತ್ತಿದ್ದ:

“ಸುಮ್ನ ಯಾಕ ನಿಂತೀರಿ? ನಮ್ಮ ಹುಡುಗಿಗಿ ಏನರೆ ಕೇಳ್ರಿ. ಎಂಥಾದರೆ ಕೇಳ್ರಿ.”

ಹುಡುಗಿಯ ಹೆಸರು ಮಲ್ಕಮ್ಮ. ತಾಯಿ ಬಾಳಮ್ಮ ಜ್ವರದಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಶಾಲೆ ಬಿಟ್ಟೊಡನೆ ಅಪ್ಪನ ಗೋಣಿತಟ್ಟಿನ ಮೇಲೆ ಬಂದು ಕೂರುತ್ತಿದ್ದಳು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಪ್ರಯಾಣಿಕರು ಮೊದಮೊದಲು ಮಗ್ಗಿ ಕೇಳಿದರು, ಆಮೇಲೆ ರಾಜಧಾನಿಗಳನ್ನು ಕೇಳಿದರು. ಉತ್ತರ ಬಂದಂತೆಲ್ಲ ಅವರಿಗೂ ಹಟ ಬಂದು ಪ್ರಶ್ನೆಗಳು ಕಠಿಣವಾದವು. ಅವಳಿಗೆ ಗೊತ್ತಿಲ್ಲದ್ದನ್ನು ಕೇಳಿದವರೇ ಹೇಳಿಕೊಟ್ಟು ಬಸ್ಸು ಹತ್ತುತ್ತಿದ್ದರು. ಶಹಾಪುರಕ್ಕೆ ಹೊರಟ ಡ್ರಾಯಿಂಗ್ ಮಾಸ್ತರರೊಬ್ಬರು ಮಂಗೋಲಿಯಾದ ರಾಜಧಾನಿ ಉಲಾನ್ ಬಾತರ್ ಎಂದು ಹೇಳಿ ಹೋದರು. ದನದ ಡಾಕ್ಟರೊಬ್ಬರು ಆಕ್ಟೋಪಸ್ ಎಂಬ ಕಡಲ ಪ್ರಾಣಿಗೆ ಮೂರು ಹೃದಯ ಇರುತ್ತವೆ ಅಂದಾಗ ದತ್ತಪ್ಪ ದಾರಕ್ಕೆ ಮೇಣ ತಿಕ್ಕುತ್ತ, “ಒಂದನ್ನ ಸಂಭಾಳಿಸೂದು ಸಾಕಾಗ್ಯದ, ಮೂರ ತಗೊಂಡ ಅದು ಹ್ಯಾಂಗ ಬಾಳ್ವಿ ಮಾಡತದೋ” ಎಂದ. ಡಾಕ್ಟರರು ನಕ್ಕು, ತಮ್ಮ ಮನೆಯಲ್ಲಿದ್ದ ಹಳೆಯ ಸಾಮಾನ್ಯ ಜ್ಞಾನದ ಪುಸ್ತಕವೊಂದನ್ನು ಮುಂದಿನ ಸಲ ಬಂದಾಗ ಹುಡುಗಿಗೆ ಕೊಟ್ಟುಹೋದರು.

ಆ ಪುಸ್ತಕದಲ್ಲಿ ಒಂದು ಸಂಗತಿ ಇತ್ತು. ಮಲ್ಕಮ್ಮ ಅದನ್ನು ಅಪ್ಪನಿಗೆ ಓದಿ ಹೇಳಿದಳು. ಹೊಲಿಗೆ ಯಂತ್ರದ ಮೊಟ್ಟಮೊದಲ ನಕ್ಷೆಗೆ ಇಂಗ್ಲೆಂಡಿನ ಬಡಗಿಯೊಬ್ಬ ಪೇಟೆಂಟ್ ತೆಗೆದುಕೊಂಡದ್ದು ಸುಮಾರು ಇನ್ನೂರು ವರ್ಷದ ಹಿಂದೆ. ಅದು ಅರಿವೆ ಹೊಲಿಯುವುದಕ್ಕಲ್ಲ, ತೊಗಲು ಹೊಲಿಯುವುದಕ್ಕೆ.

ದತ್ತಪ್ಪನ ಕೈಯಲ್ಲಿದ್ದ, ತೊಗಲು ಚುಚ್ಚುವ ಆರಿ ನಿಂತಿತು. “ಏನಂದಿ? ಮಷೀನು ಮೊದಲ ಹುಟ್ಟಿದ್ದು ನಮ್ಮ ಸಲುವಾಗಿ?”

“ಹೌದಪ್ಪಾ. ಬುಕ್ಕಿನಾಗದ.”

ಅಂದಿನಿಂದ ಆ ಮಾತು ಅವನದೇ ಆಯಿತು. ಬೂಟಿಗೆ ಅಟ್ಟೆ ಹಾಕಿಸಲು ಬಂದವರಿಗೆ, ಕಂಡಕ್ಟರರಿಗೆ, ಚಾ ಕುಡಿಯಲು ಬಂದ ಹಮಾಲರಿಗೆ, ಎಲ್ಲರಿಗೂ ಹೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಕೇಳದವರೇ ಉಳಿಯಲಿಲ್ಲ. ರಾಜೇಸಾಬ ಬೇಸತ್ತು, “ತಿಳೀತೋ ಮಾರಾಯಾ, ಟೇಲರ್ ಮಂದಿ ಎಲ್ಲಾ ನಿಮ್ಮ ತಮ್ಮಂದಿರು” ಎನ್ನುತ್ತಿದ್ದ.

ಅಪ್ಪನ ಕಸುಬಿಗೆ ನಾಚಬೇಕೆಂದು ಮಲ್ಕಮ್ಮನಿಗೆ ತಿಳಿದದ್ದು ಅಫಜಲಪುರದ ಹಾಸ್ಟೆಲಿನಲ್ಲಿ. ಅಲ್ಲಿದ್ದು ಪಿಯುಸಿ ಓದುತ್ತಿದ್ದಾಗ, ಅಪ್ಪ ತೊಗಲಿನ ಪಟ್ಟಿ ಹೊಲಿದು ಕೊಟ್ಟಿದ್ದ ಅವಳ ಟ್ರಂಕನ್ನು ಕೋಣೆಯ ಹುಡುಗಿಯೊಬ್ಬಳು ಕಾಲಿನಿಂದ ಹೊರಗೆ ನೂಕಿ, “ಇದು ನಾರ್ತದ, ವರಾಂಡಾದಾಗ ಇಟ್ಕೋ” ಎಂದಳು. ಮಲ್ಕಮ್ಮ ಜಗಳವಾಡಲಿಲ್ಲ. ಪಟ್ಟಿ ಕತ್ತರಿಸಿ ಎಸೆದು ಟ್ರಂಕಿಗೆ ಹಗ್ಗ ಕಟ್ಟಿದಳು. ರಜೆಯಲ್ಲಿ ಹಗ್ಗ ನೋಡಿದ ಅಪ್ಪನಿಗೆ ಪಟ್ಟಿ ಹರಿಯಿತೆಂದು ಹೇಳಿದಳು. ತನ್ನ ಹೊಲಿಗೆ ಅಷ್ಟು ಬೇಗ ಹರಿಯಿತೇ ಎಂದು ಅವನು ಬಹಳ ನೊಂದುಕೊಂಡ.

ಮುಂದೆ ಅವಳು ಟೀಚರ್ ಟ್ರೇನಿಂಗ್ ಮುಗಿಸಿದಳು. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದ ಶಾಲೆಗೆ ನೇಮಕವಾಯಿತು. ಆ ಊರಲ್ಲಿ ಒಂಟಿ ಹೆಣ್ಣುಮಗಳಿಗೆ ಮನೆ ಸಿಗದೆ ಆಳಂದದಲ್ಲಿ ಕೋಣೆ ಹುಡುಕಿದಳು. ಸುಭದ್ರಾಬಾಯಿ ಎಂಬ ವಿಧವೆಯ ಮನೆಯ ಹಿಂಭಾಗದಲ್ಲಿ ಕೋಣೆ ಖಾಲಿ ಇತ್ತು. ದೊಡ್ಡ ಮನೆತನದ ಹೆಂಗಸು, ಪಡಸಾಲೆಯಲ್ಲಿ ಬಸವಣ್ಣನ ಪಟ, ದಿನಾ ಇಷ್ಟಲಿಂಗ ಪೂಜೆ. ಕೈಗೆ ಚಾದ ಕಪ್ಪು-ಬಸಿ ಕೊಟ್ಟು ಕೇಳಿದರು: “ನಿಮ್ಮ ತಂದೀರು ಏನ ಕೆಲಸ ಮಾಡ್ತಾರ್ರಿ ಅಕ್ಕೋರ?”

“ಹೊಲಿಗಿ ಕೆಲಸ ಮಾಡ್ತಾರ್ರಿ,” ಎಂದಳು ಮಲ್ಕಮ್ಮ.

“ಅಂದ್ರ ಅರಿವಿ ಹೊಲಿಯೂ ಸಿಂಪಿಗೇರೇನ್ರಿ ನೀವು?”

ಮಲ್ಕಮ್ಮ ಚಾ ಕುಡಿಯುವವಳಂತೆ ತಲೆ ಬಗ್ಗಿಸಿದಳು. ಸುಭದ್ರಾಬಾಯಿ ಅದನ್ನು ಹೌದೆಂದು ತಿಳಿದರು. ಮಲ್ಕಮ್ಮ ಹಾಗೆ ತಿಳಿಯಲು ಬಿಟ್ಟಳು. ಶಾಲೆಯ ಹೆಡ್‌ಮಾಸ್ತರರಿಗೆ ಅವಳು ಸಮಗಾರರ ಹುಡುಗಿ ಎಂದು ಗೊತ್ತಿತ್ತು. ಆದರೆ ಕಿಣ್ಣಿ ಸುಲ್ತಾನದ ಮಾತು ಆಳಂದದ ಆ ಮನೆಯವರೆಗೆ ಬರಲಿಲ್ಲ. ಸುಭದ್ರಾಬಾಯಿ ಅವಳನ್ನು ಮಗಳಂತೆ ಕಂಡರು. ಅಮಾವಾಸ್ಯೆಗೆ ಹೋಳಿಗೆ ಕೊಟ್ಟರು, ತಮ್ಮ ಅಡುಗೆಮನೆಯಲ್ಲೇ ಕೂರಿಸಿ ಉಣಿಸಿದರು. ಅವರು ಪ್ರೀತಿ ತೋರಿಸಿದಷ್ಟೂ ಮಲ್ಕಮ್ಮನಿಗೆ ನಿಜ ಹೇಳುವುದು ಕಷ್ಟವಾಗುತ್ತ ಹೋಯಿತು. ಆಳಂದಕ್ಕೆ ಬರುತ್ತೇನೆಂದು ಅಪ್ಪ ಅಂದಾಗಲೆಲ್ಲ, “ಬಿಸಲು ಭಾಳ ಅದ, ನಾನೇ ಬರ್ತೇನಿ ಬಿಡಪ್ಪಾ” ಎಂದು ತಪ್ಪಿಸಿದಳು.

ಮನೆಮನೆಗೆ ಕೇಬಲ್ ಟೀವಿ ಬರುತ್ತಿದ್ದ ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಒಂದು ಕನ್ನಡ ಚಾನೆಲ್ಲಿನಲ್ಲಿ ಭಾನುವಾರ ಸಂಜೆ ಕ್ವಿಜ್ ಕಾರ್ಯಕ್ರಮ ಬರುತ್ತಿತ್ತು. ಎಲ್ಲ ಪ್ರಶ್ನೆಗೂ ಸರಿಯುತ್ತರ ಕೊಟ್ಟರೆ ಒಂದು ಲಕ್ಷ ರೂಪಾಯಿ. ಸುಭದ್ರಾಬಾಯಿಯ ಪಡಸಾಲೆಯಲ್ಲಿ ಕೂತು ಮಲ್ಕಮ್ಮ ಸ್ಪರ್ಧಿಗಳಿಗಿಂತ ಮೊದಲೇ ಉತ್ತರ ಹೇಳುತ್ತಿದ್ದಳು. “ಇಲ್ಲಿ ಕುಂತು ಹೇಳಿದ್ರ ಯಾರ ಕೊಡ್ತಾರ್ರಿ ಲಕ್ಷ? ಹೆಸರ ಕಳಸ್ರಿ,” ಎಂದು ಬೆನ್ನುಹತ್ತಿದವರೂ ಸುಭದ್ರಾಬಾಯಿಯೇ. ಕಳಿಸಿದಳು. ಗುಲಬರ್ಗಾದಲ್ಲಿ ಒಂದು ಪರೀಕ್ಷೆ ನಡೆಯಿತು, ಆಯ್ಕೆಯಾದಳು. ಬೆಂಗಳೂರಿಗೆ ಬರುವಾಗ ಜೊತೆಗೊಬ್ಬರನ್ನು ಕರೆತರಬಹುದು, ಖರ್ಚು ತಮ್ಮದು ಎಂದು ಚಾನೆಲ್ಲಿನವರು ತಿಳಿಸಿದರು.

ಸುದ್ದಿ ಹೇಳಲು ಜೇವರ್ಗಿಗೆ ಹೋದಾಗ ದತ್ತಪ್ಪ ಆರಿಯನ್ನು ತೊಡೆಯ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡ. ಬೆಂಗಳೂರನ್ನು ಅವನು ಕಂಡಿರಲಿಲ್ಲ.

“ನಾ ಬರಲೇನ ಬೇ ನಿನ್ನ ಸಂಗಟ? ಧೋತರ ಒಗಿಸಿ ಇಟ್ಟೇನಿ. ನಾ ಏನೂ ಮಾತಾಡಂಗಿಲ್ಲ, ಸುಮ್ನ ಹಿಂದ ಕುಂದರ್ತೇನಿ.”

“ಹೆಣ್ಮಕ್ಕಳ ಜೋಡಿ ಹೆಣ್ಮಕ್ಕಳೇ ಬರಬೇಕಂತ ಹೇಳ್ಯಾರಪ್ಪಾ,” ಎಂದಳು ಮಲ್ಕಮ್ಮ. “ನಮ್ಮ ಮನಿ ಮಾಲಕಿ ಬರಾಕತ್ತಾರ.”

“ಹಂಗಂದ್ರ ಆಯ್ತು ಬಿಡು. ಅದೂ ಖರೇನೆ,” ಎಂದ ದತ್ತಪ್ಪ. ಮತ್ತೆ ಕೇಳಲಿಲ್ಲ. ಟೀವಿಯಲ್ಲಿ ಹಾಕಿಕೋ ಎಂದು ಮೆತ್ತನೆಯ ಹೊಸ ಜೋಡೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಸುಭದ್ರಾಬಾಯಿ ಎಲ್ಲಿ ಕೊಂಡಿರಿ ಎಂದು ಕೇಳಿಯಾರೆಂದು ಅವಳು ಅದನ್ನು ಕೋಣೆಯಲ್ಲೇ ಬಿಟ್ಟು, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಬೆಂಗಳೂರಿಗೆ ಹೋದಳು.

ಸ್ಟುಡಿಯೋದಲ್ಲಿ ದೀಪಗಳ ಝಳ ಜೇವರ್ಗಿಯ ಬಿಸಿಲನ್ನೂ ಮೀರಿಸುವಂತಿತ್ತು. ಸುಭದ್ರಾಬಾಯಿ ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಕಾರ್ಯಕ್ರಮ ನಡೆಸುವವನು ಮೃದುವಾಗಿ ಮಾತಾಡುವ ಯುವಕ. ಹೆಸರು, ಊರು ಕೇಳಿದ ಮೇಲೆ, “ತಂದೆಯವರು ಏನು ಮಾಡ್ತಾರೆ?” ಎಂದ.

ಮಲ್ಕಮ್ಮ ಮುಂದಿನ ಸಾಲನ್ನು ನೋಡಿದಳು. “ಹೊಲಿಗೆ ಕೆಲಸ.”

“ಅಂದರೆ ಟೈಲರ್?”

“ಹೌದು.”

ಆಳಂದದ ಪಡಸಾಲೆಯಲ್ಲಿ ತಲೆ ಬಗ್ಗಿಸಿದ್ದಷ್ಟೇ. ಇಲ್ಲಿ ಬಾಯಿಬಿಟ್ಟು ಹೇಳಿದ್ದಳು. “ಆಳಂದದಿಂದ ಬಂದಿರೋ ಟೈಲರ್ ಮಗಳಿಗೆ ಒಂದು ಚಪ್ಪಾಳೆ,” ಎಂದ ಅವನು. ಜನ ಚಪ್ಪಾಳೆ ತಟ್ಟಿದರು.

ಪ್ರಶ್ನೆಗಳು ಶುರುವಾದವು. ಮಂಗೋಲಿಯಾದ ರಾಜಧಾನಿ ಬಂತು. ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದವನು ಬಂದ. ಮೂರು ಹೃದಯದ ಪ್ರಾಣಿಯೂ ಬಂತು. ಕಾರ್ಯಕ್ರಮ ನಡೆಸುವವನಿಗೊಂದು ರೂಢಿಯಿತ್ತು. ಸರಿಯುತ್ತರ ಬಂದಾಗಲೆಲ್ಲ, “ಇದು ನಿಮಗೆ ಹೇಗೆ ಗೊತ್ತು?” ಎಂದು ಕೇಳುತ್ತಿದ್ದ. ಡ್ರಾಯಿಂಗ್ ಮಾಸ್ತರರು, ದನದ ಡಾಕ್ಟರರು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತ ಆ ಎಲ್ಲ ಜನ ಅವಳ ಕಣ್ಣ ಮುಂದೆ ಬಂದರು. ಅವಳು ಪ್ರತಿ ಸಲವೂ, “ಗ್ರಂಥಾಲಯದಲ್ಲಿ ಓದಿದ್ದೆ” ಎಂದಳು.

ಕೊನೆಯ ಪ್ರಶ್ನೆ ಉಳಿಯಿತು. ಮೇಜಿನ ಮೇಲೆ ಮೂರು ವಿಷಯಗಳ ಮೂರು ಲಕೋಟೆ. ಅದರಲ್ಲಿ ಒಂದನ್ನು ಆರಿಸುವುದು ಕಾರ್ಯಕ್ರಮ ನಡೆಸುವವನು. ಅವನು ನಗುತ್ತ “ಯಂತ್ರಗಳು” ಎಂಬ ಲಕೋಟೆಯನ್ನು ಎತ್ತಿಕೊಂಡ. ಒಳಗಿನ ಚೀಟಿ ನೋಡಿ ಅವನ ನಗು ಇನ್ನೂ ಅಗಲವಾಯಿತು.

“ಟೈಲರ್ ಮಗಳಿಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ಸಿಗೋದಿಲ್ಲ. ಸಾವಿರದ ಏಳುನೂರ ತೊಂಬತ್ತರಲ್ಲಿ ಇಂಗ್ಲೆಂಡಿನಲ್ಲಿ ಹೊಲಿಗೆ ಯಂತ್ರದ ಮೊದಲ ನಕ್ಷೆಗೆ ಪೇಟೆಂಟ್ ಸಿಕ್ಕಿತು. ಅದನ್ನು ಮುಖ್ಯವಾಗಿ ಏನು ಹೊಲಿಯೋದಕ್ಕೆ ಯೋಚಿಸಲಾಗಿತ್ತು? ಹತ್ತಿ ಬಟ್ಟೆ, ಉಣ್ಣೆ, ಚರ್ಮ.”

ಚರ್ಮ. ಆ ಪದ ನಾಲಗೆಯ ಮೇಲೆ ಬಂದು ಕೂತಿತು. ಮುಂದಿನ ಸಾಲಿನಲ್ಲಿ ಸುಭದ್ರಾಬಾಯಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಉತ್ತರ ಹೇಳಿದರೆ ಇವನು ಹೇಗೆ ಗೊತ್ತೆಂದು ಕೇಳುತ್ತಾನೆ. ಗ್ರಂಥಾಲಯ ಎನ್ನಬಹುದಿತ್ತು, ಇಷ್ಟು ಹೊತ್ತೂ ಅದನ್ನೇ ಅಂದಿದ್ದಳು. ಆದರೆ ಅದು ಹೊಳೆದದ್ದು ವೇದಿಕೆಯಿಂದ ಇಳಿದ ಮೇಲೆ. ಆ ಗಳಿಗೆಯಲ್ಲಿ ಮಾತ್ರ, ಆ ಪದ ಆಡಿದ ಕೂಡಲೇ ನೀರಲ್ಲಿ ನೆನೆಹಾಕಿದ ತೊಗಲಿನ ವಾಸನೆ ತನ್ನ ಮೈಯಿಂದ ಎದ್ದು ಆ ಸ್ಟುಡಿಯೋ ತುಂಬ ಹರಡುತ್ತದೆ ಅನ್ನಿಸಿತು.

“ಹತ್ತಿ ಬಟ್ಟೆ,” ಎಂದಳು.

ತಪ್ಪು ಉತ್ತರದ ಗಂಟೆ ಬಡಿಯಿತು. ಸರಿಯಾದ ಉತ್ತರ ಚರ್ಮ ಎಂದು ಅವನು ವಿವರಿಸಿದ. ಅಲ್ಲಿಯವರೆಗೆ ಗೆದ್ದದ್ದೂ ನಿಯಮದ ಪ್ರಕಾರ ಹೋಯಿತು, ಒಂದು ಗೋಡೆ ಗಡಿಯಾರ ಕೊಟ್ಟರು. ಹಿಂದಿರುಗುವ ರೈಲಿನಲ್ಲಿ ಸುಭದ್ರಾಬಾಯಿ ಅವಳ ಬೆನ್ನು ಸವರಿದರು. “ಹೋಗ್ಲಿ ಬಿಡ್ರಿ ಅಕ್ಕೋರ. ತೊಗಲಿನ ಸುದ್ದಿ ನಮ್ಮಂಥವರಿಗಿ ಏನ ಗೊತ್ತಿರತದ? ಹೊಲಸ ಪ್ರಶ್ನೆ ಕೇಳ್ಯಾರ.” ಮಲ್ಕಮ್ಮ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು.

ಕಾರ್ಯಕ್ರಮ ಟೀವಿಯಲ್ಲಿ ಬರಲು ಇನ್ನೂ ಸಮಯವಿತ್ತು. ಅವಳು ಅಪ್ಪನಿಗೆ ದಿನಾಂಕ ಹೇಳಲಿಲ್ಲ. ಆದರೆ ಚಾನೆಲ್ಲಿನವರು ವಾರವಿಡೀ ಅವಳ ಮುಖವನ್ನು ಜಾಹೀರಾತಿನಲ್ಲಿ ತೋರಿಸಿದರು. ರಾಜೇಸಾಬನ ಅಂಗಡಿಗೆ ಕೇಬಲ್ ಬಂದಿತ್ತು. ಮುಂದಿನದೆಲ್ಲ ಅವಳಿಗೆ ತಿಳಿದದ್ದು ರಾಜೇಸಾಬನ ಬಾಯಿಂದ.

ಆ ಭಾನುವಾರ ದತ್ತಪ್ಪ ಒಗೆದಿಟ್ಟ ಧೋತರ ಉಟ್ಟು ಬಂದಿದ್ದ. ಕಂಡಕ್ಟರರನ್ನೂ ಹಮಾಲರನ್ನೂ ಕರೆದು ಕೂರಿಸಿದ್ದ. ಟೈಲರ್ ಮಗಳು ಎಂದು ಟೀವಿಯಲ್ಲಿ ಕೇಳಿದಾಗ ಎಲ್ಲರೂ ಅವನ ಕಡೆ ತಿರುಗಿದರು. ಅವನು ಚಾದ ಗ್ಲಾಸನ್ನೇ ನೋಡುತ್ತ, “ಹೊಲಿಗಿ ಅಂದಾಳಲ್ಲ, ಅದರಾಗ ಸುಳ್ಳೇನದ? ಹೊಲೀತೇನಿಲ್ಲ ನಾನು?” ಎಂದ. ಕೊನೆಯ ಪ್ರಶ್ನೆ ಬಂದಾಗ ಅಂಗಡಿಗೆ ಅಂಗಡಿಯೇ ಒಮ್ಮೆಲೇ ನಕ್ಕಿತು. ಅದರ ಉತ್ತರ ಅಲ್ಲಿ ಗೊತ್ತಿಲ್ಲದವರು ಯಾರಿದ್ದರು? “ತೊಗಲು,” ಎಂದು ದತ್ತಪ್ಪ ಎದ್ದೇ ನಿಂತ. “ಆಕೀನೇ ಹೇಳಿದ್ದು ನನಗ. ಲಕ್ಷ ಬಂತು ನೋಡ್ರಿ.”

ಟೀವಿಯಲ್ಲಿ ಮಲ್ಕಮ್ಮ ಹತ್ತಿ ಬಟ್ಟೆ ಎಂದಳು.

ದತ್ತಪ್ಪ ನಿಂತೇ ಇದ್ದ. ಆಮೇಲೆ ಚಾ ಅಲ್ಲೇ ಬಿಟ್ಟು ಹೊರಗೆ ಹೋದ. ಮರುದಿನ ಬಂದು ತನ್ನ ಸಾಮಾನಿನ ಡಬ್ಬಿ, ತಟ್ಟು, ಚಪ್ಪಲಿ ಇಟ್ಟು ಬಡಿಯುವ ಕಬ್ಬಿಣದ ಅಡಿ ಎಲ್ಲ ಎತ್ತಿಕೊಂಡ. ಎಲ್ಲಿಗೆಂದು ರಾಜೇಸಾಬ ಕೇಳಿದರೆ, “ಇಲ್ಲಿ ಧೂಳ ಭಾಳ ಆಗ್ಯದ,” ಎಂದನಂತೆ.

ಇದನ್ನೆಲ್ಲ ರಾಜೇಸಾಬ ಹೇಳುವಾಗ ಮಲ್ಕಮ್ಮ ಅಪ್ಪನ ಖಾಲಿ ಜಾಗದ ಮುಂದೆ ನಿಂತಿದ್ದಳು. ಅಲ್ಲಾಗಲೇ ಕ್ಯಾಸೆಟ್ ಮಾರುವವನೊಬ್ಬ ಡಬ್ಬಿಯಂಗಡಿ ಇಟ್ಟಿದ್ದ.

ಅಪ್ಪ ಸಿಕ್ಕಿದ್ದು ಹಿಟ್ಟಿನ ಗಿರಣಿಯ ಹಿಂದಿನ ಸಂದಿಯಲ್ಲಿ. ಅಲ್ಲಿ ಜೋಳ ಬೀಸಿಸಲು ಬರುವ ಹೆಂಗಸರು ಬಿಟ್ಟರೆ ಯಾರೂ ಹಾಯುವುದಿಲ್ಲ. ಅವರಲ್ಲೂ ಹೆಚ್ಚಿನವರು ಬರಿಗಾಲಿನವರು. ಅವನ ತಲೆ, ಹುಬ್ಬಿನ ಮೇಲೆಲ್ಲ ಹಿಟ್ಟಿನ ಪುಡಿ ಕೂತಿತ್ತು.

“ಇಲ್ಲಿ ಯಾರ ಬರ್ತಾರಪ್ಪಾ?” ಎಂದಳು.

“ಬರ್ತಾರ, ಬರ್ತಾರ. ಗೊತ್ತಾಗಬೇಕು, ಜರಾ ಟೈಮ ಹಿಡೀತದ.” ಪಕ್ಕಕ್ಕೆ ಸರಿದು ತಟ್ಟಿನ ಮೇಲೆ ಅವಳಿಗೆ ಜಾಗ ಮಾಡಿದ. ತಕ್ಷಣ ಏನೋ ನೆನಪಾದವನಂತೆ ಕೈ ಅಡ್ಡ ಹಿಡಿದ. “ಬ್ಯಾಡ, ಕುಂದರಬ್ಯಾಡ. ಆಳಂದದ ಮಂದಿ ಯಾರರೆ ಬಂದಿರ್ತಾರ.”

“ಅದಕ್ಕೇನ ನೀ ಜಗಾ ಬಿಟ್ಟಿದ್ದು?”

“ಬಿಜಾಪುರಕ್ಕ ಹೋಗೂ ನಿಮ್ಮ ಕಡೀ ಮಂದಿ ಅಲ್ಲೇ ಇಳದ ಬಸ್ಸ ಬದಲ ಮಾಡ್ತಾರ. ಟೀವ್ಯಾಗ ನಿನ್ನ ನೋಡಿದವರಿಗಿ ನಾಳೆ ಇಂವನೇ ಅವರಪ್ಪ ಅಂತ ಯಾರರೆ ನನ್ನ ತೋರಿಸಿದ್ರ? ನಿನ್ನ ಮಾತು ಸುಳ್ಳಾಗಬಾರದಲ್ಲ.”

ಅವನು ಅದನ್ನು ದೂರುವ ದನಿಯಲ್ಲಿ ಹೇಳಲಿಲ್ಲ. ಲೆಕ್ಕಹಾಕಿ ಮಾಡಿದ ಒಂದು ಕೆಲಸವನ್ನು ಹೇಳುವಂತೆ ಹೇಳಿದ. ಮಲ್ಕಮ್ಮನಿಗೆ ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ಒಂದ ಕೇಳ್ತೇನಿ,” ಎಂದ ದತ್ತಪ್ಪ. “ಕಡೀ ಪ್ರಶ್ನೆ. ಅದು ನಿನಗ ಗೊತ್ತಿತ್ತಲ್ಲ?”

ಅವಳು ಅಪ್ಪನ ಮುಖ ನೋಡಲಾರದೆ ಅವನ ಕೈ ನೋಡಿದಳು. ದಾರ ಎಳೆದು ಎಳೆದು ಬೆರಳ ಸಂದಿಯಲ್ಲಿ ಆಳವಾದ ಗೀರು ಬಿದ್ದಿದ್ದ ಕೈ.

“ಮರ್ತಿದ್ದೆಪ್ಪಾ.”

“ಹಂಗೇನು?” ಅವನು ದೀರ್ಘವಾಗಿ ಉಸಿರು ಬಿಟ್ಟ. “ಹಂಗಿದ್ರ ಏನ ತಪ್ಪಿಲ್ಲ ಬಿಡು. ಅಷ್ಟ ಮಂದಿ ಮುಂದ ಮರವು ಆಗತದ. ನಾ ಏನೇನೋ ತಿಳ್ಕೊಂಡಿದ್ದೆ.”

ಅವನು ನಂಬಿದನೋ, ನಂಬಬೇಕೆಂದು ನಿರ್ಧರಿಸಿದನೋ, ಅವಳಿಗೆ ತಿಳಿಯಲಿಲ್ಲ. ಜೇವರ್ಗಿಯಿಂದ ಗುಲಬರ್ಗಾ, ಅಲ್ಲಿಂದ ಆಳಂದ, ದಾರಿಯುದ್ದಕ್ಕೂ ಅವಳು ಬಸ್ಸಿನ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು.

ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಪಡಸಾಲೆಗೆ ಹೋದಳು. ಸುಭದ್ರಾಬಾಯಿ ಕಾಳು ಹಸನು ಮಾಡುತ್ತಿದ್ದರು.

“ಅವ್ವಾರ, ನಾವು ಸಿಂಪಿಗೇರಲ್ರಿ. ಸಮಗಾರ್ರು. ನಮ್ಮಪ್ಪ ಜೇವರ್ಗ್ಯಾಗ ಚಪ್ಪಲ ಹೊಲೀತಾನ.”

ಮೊರದ ಮೇಲಿನ ಬೆರಳುಗಳು ನಿಂತವು. ಸುಭದ್ರಾಬಾಯಿ ಕೂಗಾಡಲಿಲ್ಲ. ಅವರ ಕಣ್ಣು ಅಡುಗೆಮನೆಯ ಬಾಗಿಲ ಕಡೆಗೆ ಹೋಗಿ, ಅಲ್ಲಿಂದ ಬಸವಣ್ಣನ ಪಟದ ಕಡೆಗೆ ಹೋಗಿ, ನೆಲಕ್ಕೆ ಇಳಿಯಿತು.

“ಮೊದಲೇ ಹೇಳಬೇಕಾಗಿತ್ತು ನೀವು,” ಎಂದರು.

“ಹೌದ್ರಿ.”

“ನಾ ಏನ ಹಂಗಿಲ್ರಿ, ಆದ್ರ ನಮ್ಮ ಭಾವನ ಮನಿಯವರು ಬಂದು ಹೋಗಿ ಮಾಡ್ತಾರ.” ಸ್ವಲ್ಪ ತಡೆದು ಮತ್ತೆ ಅಂದರು: “ಆ ಖೋಲಿಗಿ ಸುಣ್ಣ ಹಚ್ಚಸಬೇಕಂತ ಮಾಡೇನಿ. ತಿಂಗಳ ಮುಗಿಯೂದ್ರಾಗ ಬ್ಯಾರೆ ಕಡೀ ನೋಡ್ಕೊಳ್ರಿ.” ಇಷ್ಟು ವರ್ಷ ತನ್ನನ್ನು ಉಣಿಸಿದ ಹೆಂಗಸಿಗೆ ಮೋಸ ಮಾಡಿದೆನೆಂಬ ನಾಚಿಕೆಯೂ, ಇದಕ್ಕಾಗಿ ಅಪ್ಪನನ್ನು ಸಂದಿಗೆ ದೂಡಿದೆನಲ್ಲ ಎಂಬ ನಾಚಿಕೆಯೂ ಮಲ್ಕಮ್ಮನನ್ನು ಒಟ್ಟಿಗೇ ಕವಿದವು.

ಹೊಸ ಕೋಣೆ ಸಿಕ್ಕಿದ್ದು ಖಾಸೀಂಬಿ ಎಂಬ ಬಳೆ ಮಾರುವ ಹೆಂಗಸಿನ ಮನೆಯಲ್ಲಿ. ಅವಳು ಕೇಳುವ ಮೊದಲೇ ಮಲ್ಕಮ್ಮ ಅಪ್ಪನ ಕಸುಬು ಹೇಳಿದಳು. “ಅದಕ್ಕೇನವ್ವಾ? ಬಾಡಿಗಿ ಟೈಮಿಗಿ ಕೊಡು, ನೀರು ನೋಡಿ ಖರ್ಚ ಮಾಡು,” ಎಂದಳು ಖಾಸೀಂಬಿ. ಶಾಲೆಯ ಮಕ್ಕಳಿಗೂ ಮಲ್ಕಮ್ಮ ಒಂದು ದಿನ ಪಾಠದ ನಡುವೆ ಹೇಳಿದಳು. ಮಕ್ಕಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಟೀವಿಯಲ್ಲಿ ಕೊಟ್ಟ ಗಡಿಯಾರ ಎಷ್ಟು ದೊಡ್ಡದೆಂದು ಕೇಳಿದರು.

ಆದರೆ ದತ್ತಪ್ಪ ಗಿರಣಿಯ ಸಂದಿ ಬಿಟ್ಟು ಬರಲಿಲ್ಲ. ಹಳೆಯ ಜಾಗ ಹೋಗಿತ್ತು, ಬೇರೆ ಜಾಗಕ್ಕೆ ಬಾ ಎಂದರೂ ಒಪ್ಪಲಿಲ್ಲ. ಎಷ್ಟೋ ಸಲ ಕರೆದ ಮೇಲೆ, ಮರುವರ್ಷ ಶೀಗಿ ಹುಣ್ಣಿಮೆ ಕಳೆದು, ಮೊದಲ ಬಾರಿಗೆ ಆಳಂದಕ್ಕೆ ಬಂದ. ಮಲ್ಕಮ್ಮ ಒಳಗೆ ಚಾಕ್ಕೆ ಇಟ್ಟಿದ್ದಳು. ಅಂಗಳದಲ್ಲಿ ಖಾಸೀಂಬಿ ಅವನಿಗೆ ಚಾಪೆ ಹಾಸಿ, ಜೇವರ್ಗಿಯಲ್ಲಿ ಕೆಲಸ ಹೇಗಿದೆ ಎಂದು ಕೇಳುವುದು ಕೇಳಿಸಿತು.

“ಹೊಲಿಗಿ ಕೆಲಸ ಅವ್ವಾ ನಂದು,” ಎಂದ ದತ್ತಪ್ಪ. “ಅಂಗಿ, ಪಾಯಿಜಾಮಾ. ಈಗ ಕಣ್ಣ ಕಾಣವಲ್ಲವು, ಕಮ್ಮಿ ಮಾಡೇನಿ.”

ಮಲ್ಕಮ್ಮ ಹೊರಗೆ ಬಂದಳು. ಖಾಸೀಂಬಿ ಅವಳನ್ನೇ ನೋಡುತ್ತಿದ್ದಳು.

“ಅಪ್ಪಾ, ಅವರಿಗಿ ಗೊತ್ತದ. ನಾನೇ ಹೇಳೇನಿ. ಎಲ್ಲಾರಿಗೂ ಹೇಳೇನಿ.”

ದತ್ತಪ್ಪ ತಬ್ಬಿಬ್ಬಾದ. ಕಳ್ಳತನದಲ್ಲಿ ಸಿಕ್ಕವನಂತೆ ಅವನ ಕುತ್ತಿಗೆ ಬಗ್ಗಿತು. “ಯಾಕ ಹೇಳಾಕ ಹೋದಿ?” ಎಂದ ಮೆಲ್ಲಗೆ. “ನಾ ಎಲ್ಲಾ ಸರಿ ಹೊಂದಿಸ್ಕೊಂಡಿದ್ದೆ.”

ಅವಳು ಕ್ಷಮೆ ಕೇಳಬೇಕೆಂದುಕೊಂಡಳು. ಮರೆತಿದ್ದೆ ಅಂದದ್ದು ಸುಳ್ಳು ಎಂದೂ ಹೇಳಬೇಕೆಂದುಕೊಂಡಳು. ಬಗ್ಗಿದ ಆ ಕುತ್ತಿಗೆಯನ್ನು ನೋಡುತ್ತ, ಅದೊಂದನ್ನು ಕೇಳಿಸಿಕೊಳ್ಳುವ ಶಕ್ತಿ ಅವನಲ್ಲಿ ಉಳಿದಿಲ್ಲ ಅನ್ನಿಸಿ ಒಳಗೆ ಹೋಗಿ ಚಾ ತಂದಳು. ಮೂವರೂ ಚಾ ಕುಡಿದರು.

ಸಂಜೆಯ ಬಸ್ಸಿಗೆ ಅವನನ್ನು ಬಿಡಲು ಹೊರಟಳು. ಬಜಾರಿನಲ್ಲಿ ಪರಿಚಯದವರು ಸಿಕ್ಕರೆ ಇವರು ನಮ್ಮಪ್ಪ ಎಂದು ಹೇಳಬೇಕೆಂದಿದ್ದಳು. ಸ್ವಲ್ಪ ದೂರ ನಡೆದು ನೋಡಿದರೆ ಪಕ್ಕದಲ್ಲಿ ಅವನಿರಲಿಲ್ಲ. ಹಿಂದೆ, ಬೇರೆ ಯಾರೋ ತನ್ನ ಪಾಡಿಗೆ ಹೊರಟಂತೆ ರಸ್ತೆಯ ಅಂಚಿನಲ್ಲಿ ಬರುತ್ತಿದ್ದ. ಅವನು ಬಂದು ಕೂಡಿಕೊಳ್ಳಲೆಂದು ಮಲ್ಕಮ್ಮ ನಿಂತಳು. ಅವಳು ನಿಂತದ್ದು ಕಂಡು ದತ್ತಪ್ಪನೂ ಅಷ್ಟು ದೂರದಲ್ಲೇ ನಿಂತ.